ನವೆಂಬರ್ 1: ಒಂದೇ ತಾರೀಖಿನಲ್ಲಿ ಇಷ್ಟೊಂದು ಆಚರಣೆಗಳು ಕೂಡಿದ್ದು ಕಾಕತಾಳೀಯವೇ?

ಪ್ರಶ್ನೆ: ಹೊರವರ್ತುಲ ರಸ್ತೆಯ ಕನ್ನಡಿಗ

ಮಾನ್ಯರೇ,

ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾನು ಅಲ್ಲಿನ ಕನ್ನಡ ಬಳಗದ ಪರವಾಗಿ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ರಾಜ್ಯೋತ್ಸವದ ವಾರದಲ್ಲಿ ನಮ್ಮ ಕ್ಯಾಂಟೀನಿನ ಬಾಗಿಲ ಪಕ್ಕ ಆರಡಿ ಅಗಲದ ಫಲಕವೊಂದನ್ನು ನಿಲ್ಲಿಸುವುದು ಬಳಗದ ರೂಢಿ. ಹೋದ ವರ್ಷ ಅದರ ಬರಹದ ಹೊಣೆ ನನ್ನ ಪಾಲಿಗೆ ಬಂದಿತ್ತು. ಹೊರದೇಶದ ಕಚೇರಿಗಳಿಂದ ಬಂದು ಹೋಗುವವರು ನಮ್ಮಲ್ಲಿ ಹೆಚ್ಚು. ಆದ್ದರಿಂದ ಏಕೀಕರಣದ ಕಥೆಯನ್ನೇ ಮತ್ತೆ ಹೇಳುವುದು ಬೇಡವೆಂದು, "ನವೆಂಬರ್ 1ರಂದು ನಮ್ಮೊಂದಿಗೆ ಹಬ್ಬ ಮಾಡುವ ಜಗತ್ತು" ಎಂಬ ತಲೆಬರಹ ಕೊಟ್ಟು, ಅದೇ ತಾರೀಖಿಗೆ ಬರುವ ಬೇರೆ ನಾಡುಗಳ ಆಚರಣೆಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದೆ. ಒಂದೊಂದು ದೇಶದ ಹೆಸರಿನ ಪಕ್ಕದಲ್ಲೂ ಹಳದಿ ಅಥವಾ ಕೆಂಪು ಬಲೂನಿನ ಚಿತ್ರ ಅಂಟಿಸಿದ್ದೆವು.

ಮೊದಲ ದಿನ ಮಧ್ಯಾಹ್ನವೇ ತಪ್ಪು ತಿಳಿಯಿತು. ಪ್ಯಾರಿಸ್ ಕಚೇರಿಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು, ಅವರ ತಂದೆತಾಯಿ ಅಲ್ಜೀರಿಯಾದವರು, ಊಟದ ತಟ್ಟೆ ಹಿಡಿದುಕೊಂಡೇ ಫಲಕವನ್ನು ಓದುತ್ತಾ ನಿಂತರು. ನಾನು ಅಲ್ಜೀರಿಯಾದ ಮುಂದೆ "ಸ್ವಾತಂತ್ರ್ಯ ದಿನ" ಎಂದು ಬರೆಸಿದ್ದೆ. ಅವರು ಬೇಸರ ತೋರಿಸದೆ, ತಮ್ಮ ಸ್ವಾತಂತ್ರ್ಯ ದಿನ ಜುಲೈ 5 ಎಂದೂ, ನವೆಂಬರ್ 1 ಯುದ್ಧ ಆರಂಭವಾದ ದಿನವೆಂದೂ, ಅಲ್ಲಿಂದ ಸ್ವಾತಂತ್ರ್ಯಕ್ಕೆ ಹೆಚ್ಚುಕಡಿಮೆ ಎಂಟು ವರ್ಷ ಹಿಡಿಯಿತೆಂದೂ ಹೇಳಿದರು. ಅದೇ ದಿನ ಸಂಜೆ ಪೋಲೆಂಡಿನ ಇನ್ನೊಬ್ಬರು ನಗುತ್ತಲೇ, "ನಾವು ಆ ದಿನ ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಗೆ ದೀಪ ಹಚ್ಚುತ್ತೇವೆ, ಬಲೂನು ಕಟ್ಟುವುದಿಲ್ಲ" ಎಂದರು. ಎಲ್ಲರೂ ಹೊರಟ ಮೇಲೆ ನಾನು ಬ್ಲೇಡಿನಿಂದ ಆ ಬಲೂನನ್ನು ಕೆರೆದು ತೆಗೆದೆ. ಅದು ಪೂರ್ತಿ ಹೋಗದೆ, ಪೋಲೆಂಡಿನ ಪಕ್ಕ ಕೆಂಪು ಕಲೆಯೊಂದು ವಾರವಿಡೀ ಉಳಿಯಿತು.

ಈ ವರ್ಷವೂ ಫಲಕ ನನ್ನದೇ. ಪಟ್ಟಿಯನ್ನು ಕೈಬಿಡಲು ಮನಸ್ಸಿಲ್ಲ, ಆದರೆ ಈ ಸಲ ಹೆಸರುಗಳ ಹಿಂದಿನ ಕಾರಣ ತಿಳಿದು ಬರೆಯಬೇಕೆಂದಿದ್ದೇನೆ. ಕರ್ನಾಟಕ, ಕೇರಳ, ಮಧ್ಯಪ್ರದೇಶ, ಆಂಧ್ರಪ್ರದೇಶ, ಹರಿಯಾಣ, ಪಂಜಾಬ್, ಛತ್ತೀಸಗಡ, ಪುದುಚೇರಿ, ಇವುಗಳ ಜೊತೆಗೆ ಅಲ್ಜೀರಿಯಾ, ಆಂಟಿಗುವಾ ಮತ್ತು ಬಾರ್ಬುಡಾ, ಬಲ್ಗೇರಿಯಾ, ಯುರೋಪಿನ ಕ್ಯಾಥೊಲಿಕ್ ದೇಶಗಳು: ಇಷ್ಟೆಲ್ಲ ಒಂದೇ ತಾರೀಖಿಗೆ ಬಂದು ಕೂತಿರುವುದು ಆಕಸ್ಮಿಕವೇ, ಅಥವಾ ಅದರ ಹಿಂದೆ ಯಾರಾದರೂ ಕುಳಿತು ಆರಿಸಿದ ಕಾರಣಗಳಿವೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಖಜಾನೆ ಇಲಾಖೆಯ ನಿವೃತ್ತ ನೌಕರ, ಬಸವನಗುಡಿ

ತಮ್ಮ ಪಟ್ಟಿಯ ಅರ್ಧ ಭಾಗಕ್ಕೆ ಉತ್ತರ ಒಂದೇ ಕಾಯ್ದೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಆರಂಭದಲ್ಲೇ, ಪದಗಳ ಅರ್ಥ ವಿವರಿಸುವಲ್ಲಿ, "ಗೊತ್ತುಪಡಿಸಿದ ದಿನ" ಎಂದರೆ 1956ರ ನವೆಂಬರ್ 1 ಎಂದು ಹೇಳಲಾಗಿದೆ. ಮುಂದಿನ ಕಲಮುಗಳೆಲ್ಲ "ಗೊತ್ತುಪಡಿಸಿದ ದಿನದಿಂದ" ಎಂಬ ಮಾತಿನ ಮೇಲೆಯೇ ನಡೆಯುತ್ತವೆ. ಆ ದಿನದಿಂದ ಮುಂಬಯಿ ರಾಜ್ಯದ ಬೆಳಗಾವಿ, ಬಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ, ಹೈದರಾಬಾದಿನ ರಾಯಚೂರು, ಗುಲ್ಬರ್ಗಾ ಮತ್ತು ಬೀದರಿನ ಭಾಗ, ಮದರಾಸಿನ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ, ಮತ್ತು ಅದುವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಹಳೆಯ ಮೈಸೂರಿನೊಂದಿಗೆ ಕೂಡಿದವು. (ಬೆಳಗಾವಿಯಲ್ಲಿ ಚಂದಗಡ ತಾಲ್ಲೂಕನ್ನೂ ದಕ್ಷಿಣ ಕನ್ನಡದಲ್ಲಿ ಕಾಸರಗೋಡನ್ನೂ ಬಿಟ್ಟು ಓದಿಕೊಳ್ಳಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರಂದೇ ಬಂದಾಗಿತ್ತು.) ಅದೇ ಕಾಯ್ದೆಯಿಂದ, ಅದೇ ಗಳಿಗೆಯಲ್ಲಿ, ತಿರುವಾಂಕೂರು-ಕೊಚ್ಚಿಗೆ ಮಲಬಾರ್ ಸೇರಿ ಕೇರಳವಾಯಿತು, ತೆಲಂಗಾಣ ಸೇರಿ ಆಂಧ್ರಪ್ರದೇಶವಾಯಿತು, ಮಧ್ಯಭಾರತ, ವಿಂಧ್ಯಪ್ರದೇಶ ಮತ್ತು ಭೋಪಾಲ್ ಸೇರಿ ಮಧ್ಯಪ್ರದೇಶ ಹೊಸ ರೂಪ ಪಡೆಯಿತು, ದೆಹಲಿ ಮತ್ತು ಲಕ್ಷದ್ವೀಪಗಳು ಕೇಂದ್ರಾಡಳಿತ ಪ್ರದೇಶಗಳಾದವು. ಒಟ್ಟು 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳು. ಇವರೆಲ್ಲರ ಹುಟ್ಟುಹಬ್ಬ ಒಂದೇ ದಿನ ಬರುವುದರಲ್ಲಿ ಆಶ್ಚರ್ಯವೇನಿಲ್ಲ, ಒಂದೇ ಮನೆಯಲ್ಲಿ ಒಟ್ಟಿಗೆ ಹುಟ್ಟಿದ ಮಕ್ಕಳು.

ಹಾಗಾದರೆ ಆ ದಿನವೇ ಏಕೆ? ನಮ್ಮ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕ ಬರೆದವನಿಗೆ ಈ ಪ್ರಶ್ನೆ ಸುಲಭವಾಗಿ ಕಾಣುತ್ತದೆ: ಅದು ತಿಂಗಳ ಮೊದಲ ತಾರೀಖು. ಸಂಬಳ, ಪಿಂಚಣಿ, ಖಜಾನೆಯ ಜಮಾ-ಖರ್ಚು ಎಲ್ಲವೂ ತಿಂಗಳ ಲೆಕ್ಕದಲ್ಲಿ ನಡೆಯುತ್ತವೆ. ಧಾರವಾಡದ ಒಬ್ಬ ಶಾಲಾ ಮೇಷ್ಟರ ಸಂಬಳವನ್ನು ತಿಂಗಳ ಹದಿಮೂರನೆಯ ತಾರೀಖಿನವರೆಗೆ ಮುಂಬಯಿ ಸರ್ಕಾರವೂ ಅಲ್ಲಿಂದ ಮುಂದೆ ಮೈಸೂರು ಸರ್ಕಾರವೂ ಕೊಡಬೇಕೆಂದರೆ ಆ ಬಿಲ್ಲನ್ನು ಬರೆಯುವ ಗುಮಾಸ್ತನ ಗತಿಯೇನು? ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಿರಿಯರ ಸೇವಾ ಪುಸ್ತಕಗಳನ್ನು ನೋಡಿದ್ದೇನೆ. "31-10-1956ರ ಅಪರಾಹ್ನ" ಎಂದು ಒಂದು ಸಾಲು, ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ "1-11-1956ರ ಪೂರ್ವಾಹ್ನ" ಎಂದು ಇನ್ನೊಂದು ಸಾಲು. ಆ ಎರಡು ಸಾಲುಗಳ ನಡುವೆ ಮನುಷ್ಯ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಅವನ ರಾಜ್ಯ ಮಾತ್ರ ಬದಲಾಗಿತ್ತು. ಹೀಗೆ ಬಂದವರ ಜ್ಯೇಷ್ಠತಾ ಪಟ್ಟಿಯ ತಕರಾರುಗಳು ದಶಕಗಳ ಕಾಲ ನಡೆದವೆಂಬುದು ಬೇರೆಯೇ ಕಥೆ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಆಗ ನವೆಂಬರ್ 1ನ್ನೇ ಮತ್ತೆ ಆರಿಸಿದ್ದು ಮಾತ್ರ ಲೆಕ್ಕದ ಅನುಕೂಲಕ್ಕಲ್ಲ, ಹದಿನೇಳು ವರ್ಷದ ಹಳೆಯ ನೆನಪಿಗೆ. ನಾನು ಆಗ ಹೊಸಬ. "ಮೈಸೂರು ಸರ್ಕಾರ" ಎಂದು ಅಚ್ಚಾದ ನಮೂನೆಗಳು ಕಟ್ಟುಗಟ್ಟಲೆ ಉಳಿದಿದ್ದವು. ಅವು ಮುಗಿಯುವವರೆಗೆ ಮೊದಲ ಪದವನ್ನು ಪೆನ್ನಿನಿಂದ ಹೊಡೆದು ಮೇಲೆ "ಕರ್ನಾಟಕ" ಎಂದು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ತಿಂಗಳ ಮೊದಲ ತಾರೀಖಿನ ಈ ಅಭ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದ ಹೆಸರುಗಳನ್ನು ನೋಡಿ. ಹರಿಯಾಣ ಮತ್ತು ಇಂದಿನ ಪಂಜಾಬ್ 1966ರ ನವೆಂಬರ್ 1. ಛತ್ತೀಸಗಡ 2000ದ ನವೆಂಬರ್ 1. ಮಹಾರಾಷ್ಟ್ರ ಮತ್ತು ಗುಜರಾತ್ 1960ರ ಮೇ 1. ನಾಗಾಲ್ಯಾಂಡ್ 1963ರ ಡಿಸೆಂಬರ್ 1. ಪುದುಚೇರಿಯದೂ ಇದೇ ದಾರಿ: 1954ರ ಅಕ್ಟೋಬರಿನಲ್ಲಿ ಕೀಳೂರಿನಲ್ಲಿ ಜನಪ್ರತಿನಿಧಿಗಳ ಮತದಾನ ನಡೆದು, ಭಾರತ ಮತ್ತು ಫ್ರಾನ್ಸುಗಳ ಒಪ್ಪಂದವಾಗಿ, ಆಡಳಿತದ ಹಸ್ತಾಂತರಕ್ಕೆ ನವೆಂಬರ್ 1 ನಿಗದಿಯಾಯಿತು. ಕಾನೂನಿನ ಪ್ರಕಾರ ಅದು ಭಾರತದ ಭಾಗವಾದದ್ದು 1962ರ ಆಗಸ್ಟ್ 16ರಂದು. ತಮ್ಮ ಫಲಕದಲ್ಲಿ ಅಲ್ಜೀರಿಯಾ ಮತ್ತು ಪುದುಚೇರಿಗಳನ್ನು ಅಕ್ಕಪಕ್ಕ ಬರೆಯಿರಿ ಎಂದು ನನ್ನ ಸಲಹೆ, ಏಕೆಂದರೆ ಎರಡೂ 1954ರ ಅದೇ ನವೆಂಬರ್ 1. ಫ್ರಾನ್ಸ್ ಒಂದು ಕಡೆ ಸಹಿ ಹಾಕಿ ಶಾಂತವಾಗಿ ಹೊರನಡೆದ ದಿನವೇ ಇನ್ನೊಂದು ಕಡೆ ಅದರ ಮೇಲೆ ಯುದ್ಧ ಶುರುವಾಯಿತು.

ಹೊರದೇಶಗಳಲ್ಲೂ ಗುಮಾಸ್ತರಿದ್ದಾರೆ. ಆಂಟಿಗುವಾ ಮತ್ತು ಬಾರ್ಬುಡಾ ಬ್ರಿಟನ್ನಿನಿಂದ ಬಿಡುಗಡೆ ಪಡೆದದ್ದು 1981ರ ನವೆಂಬರ್ 1ಕ್ಕೆ. ನೈಜೀರಿಯಾ 1960ರ ಅಕ್ಟೋಬರ್ 1, ರುವಾಂಡ ಮತ್ತು ಬುರುಂಡಿ ಎರಡೂ 1962ರ ಜುಲೈ 1. ಸೈಪ್ರಸ್ 1960ರ ಆಗಸ್ಟ್ 16ರಂದು ಸ್ವತಂತ್ರವಾದರೂ ಹಬ್ಬವನ್ನು ಅಕ್ಟೋಬರ್ 1ಕ್ಕೆ ಮಾಡುತ್ತದೆ.

ಉತ್ತರ 2: ಸಂಖ್ಯಾಶಾಸ್ತ್ರದ ಮೇಷ್ಟ್ರು, ಜಯನಗರ

ಖಜಾನೆಯ ಹಿರಿಯರು ಹೇಳಿದ್ದಕ್ಕೆ ಒಂದಿಷ್ಟು ಲೆಕ್ಕ ಸೇರಿಸುತ್ತೇನೆ. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ. ಒಂದೊಂದು ದೇಶವೂ ಕಣ್ಣುಮುಚ್ಚಿ ವರ್ಷದ 365 ದಿನಗಳಲ್ಲಿ ಒಂದನ್ನು ರಾಷ್ಟ್ರೀಯ ದಿನವೆಂದು ಆರಿಸಿದೆ ಎಂದುಕೊಳ್ಳೋಣ. ಆಗ ಸುಮಾರು 150 ತಾರೀಖುಗಳು ಭರ್ತಿಯಾಗಿ, 215ರಷ್ಟು ಖಾಲಿ ಉಳಿಯುತ್ತವೆ. ಅಂದರೆ ನಲವತ್ತಕ್ಕೂ ಹೆಚ್ಚು ದೇಶಗಳು ಈಗಾಗಲೇ ಯಾರೋ ಕೂತಿರುವ ಜಾಗಕ್ಕೇ ಹೋಗಿ ಕೂರುತ್ತವೆ. ನಾವು ಮೊದಲೇ ಗುರುತಿಟ್ಟ ಒಂದು ತಾರೀಖಿಗೆ, ನವೆಂಬರ್ 1ಕ್ಕೇ ಎನ್ನೋಣ, ಒಂದಾದರೂ ದೇಶ ಬೀಳುವ ಸಂಭವ ನೂರಕ್ಕೆ 41. ಎರಡು ಅಥವಾ ಹೆಚ್ಚು ದೇಶಗಳು ಬೀಳುವ ಸಂಭವ ನೂರಕ್ಕೆ ಸುಮಾರು 10. ಆದ್ದರಿಂದ ಆಂಟಿಗುವಾ ನಮ್ಮ ಪಕ್ಕ ಬಂದು ಕೂತದ್ದಕ್ಕೆ ಯಾವ ವಿವರಣೆಯೂ ಬೇಕಿಲ್ಲ. ನಾನು ತರಗತಿಯಲ್ಲಿ ಮೊದಲ ದಿನ ಮಕ್ಕಳ ಹುಟ್ಟುಹಬ್ಬ ಕೇಳುತ್ತೇನೆ. 23 ಮಕ್ಕಳಿದ್ದರೆ ಸಾಕು, ಇಬ್ಬರದು ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು, ಮತ್ತು ಆ ಇಬ್ಬರು ಮಕ್ಕಳು ಪರಸ್ಪರ ನೋಡಿಕೊಳ್ಳುವ ರೀತಿಯಲ್ಲಿ ಏನೋ ದೈವಸಂಕಲ್ಪ ಕಂಡಂತಿರುತ್ತದೆ.

ಆದರೆ ದೇಶಗಳು ಕಣ್ಣುಮುಚ್ಚಿ ಆರಿಸುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಹಿರಿಯರು ತೋರಿಸಿದಂತೆ ತಿಂಗಳ ಮೊದಲ ದಿನಗಳತ್ತ ಒಲವಿದೆ. ಒಂದೇ ಕಾಗದದಿಂದ ಹಲವು ನಾಡುಗಳು ಹುಟ್ಟುವುದೂ ಉಂಟು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಈ ಐದೂ ಸೆಪ್ಟೆಂಬರ್ 15ನ್ನು ಆಚರಿಸುವುದು 1821ರಲ್ಲಿ ಗ್ವಾಟೆಮಾಲಾ ನಗರದಲ್ಲಿ ಸಹಿಯಾದ ಒಂದೇ ಘೋಷಣೆಯಿಂದ. ನಮ್ಮ 1956ರ ಕಾಯ್ದೆಯ ಅಣ್ಣನಂತಿದೆ. ಅದೇ ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರು ಹುಟ್ಟಿದ ದಿನವಾಗಿ ನಮ್ಮ ಎಂಜಿನಿಯರುಗಳ ದಿನವೂ ಹೌದು, ಆ ಐದು ದೇಶಗಳಿಗೂ ಮುದ್ದೇನಹಳ್ಳಿಗೂ ಏನೂ ಸಂಬಂಧವಿಲ್ಲ. ಕಾರಣವಿರುವ ಕೂಡಿಕೆ ಮತ್ತು ಕಾರಣವಿಲ್ಲದ ಕೂಡಿಕೆ ಒಂದೇ ಚೌಕದಲ್ಲಿ ಪಕ್ಕಪಕ್ಕ ಕೂತಿರುವುದು ಹೀಗೆ.

ಉತ್ತರ 3: ಇತಿಹಾಸದ ವಿದ್ಯಾರ್ಥಿನಿ, ಮಲ್ಲೇಶ್ವರ

ಮೊದಲ ತಾರೀಖಿನ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಅದನ್ನು ಎಲ್ಲ ಕಡೆ ಎಳೆಯಬಾರದು ಎಂಬುದಕ್ಕೆ ಆಗಸ್ಟ್ 15 ಒಳ್ಳೆಯ ಉದಾಹರಣೆ. ಅದು ಯಾವ ಖಜಾನೆಗೂ ಅನುಕೂಲವಲ್ಲದ, ತಿಂಗಳ ನಡುವಿನ ದಿನ. ಆದರೂ ಭಾರತ, ದಕ್ಷಿಣ ಕೊರಿಯಾ, ಉತ್ತರ ಕೊರಿಯಾ, ಕಾಂಗೊ ಗಣರಾಜ್ಯ ಮತ್ತು ಲಿಕ್ಟನ್‌ಸ್ಟೈನ್ ಅಲ್ಲಿ ಸೇರುತ್ತವೆ, ಅವುಗಳಲ್ಲಿ ಮೂರು ಒಂದೇ ಬೇರಿನವು.

1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಚಕ್ರವರ್ತಿ ಹಿರೋಹಿಟೊ ರೇಡಿಯೋದಲ್ಲಿ ಶರಣಾಗತಿಯನ್ನು ತಿಳಿಸಿದರು. 1910ರಿಂದ ಜಪಾನಿನ ವಶದಲ್ಲಿದ್ದ ಕೊರಿಯಾಕ್ಕೆ ಅದು ಬಿಡುಗಡೆಯ ದಿನವಾಯಿತು. ದಕ್ಷಿಣದಲ್ಲಿ ಅದನ್ನು ಗ್ವಾಂಗ್‌ಬೊಕ್‌ಜೋಲ್ ಎನ್ನುತ್ತಾರೆ. ಬೆಳಕು ಮರಳಿದ ದಿನ ಎಂದು ಅದರ ಅರ್ಥ. ಮೂರು ವರ್ಷದ ನಂತರ, 1948ರ ಆಗಸ್ಟ್ 15ರಂದೇ, ಬೇಕೆಂದೇ ಅದೇ ದಿನ, ದಕ್ಷಿಣ ಕೊರಿಯಾದ ಗಣರಾಜ್ಯವನ್ನು ಸ್ಥಾಪಿಸಿದರು. ಇನ್ನು ನಮ್ಮದು. ಬ್ರಿಟಿಷ್ ಪ್ರಧಾನಿ ಅಟ್ಲಿ 1947ರ ಫೆಬ್ರುವರಿಯಲ್ಲಿ ಕೊಟ್ಟಿದ್ದ ಗಡುವು 1948ರ ಜೂನ್. ಮೌಂಟ್‌ಬ್ಯಾಟನ್ ಅದನ್ನು ಹತ್ತು ತಿಂಗಳಷ್ಟು ಹಿಂದಕ್ಕೆಳೆದು ಆಗಸ್ಟ್ 15 ಎಂದರು, ಮತ್ತು ಜಪಾನಿನ ಶರಣಾಗತಿಯ ಎರಡನೆಯ ವಾರ್ಷಿಕ ದಿನವೆಂದು ಅದನ್ನು ಆರಿಸಿದ್ದಾಗಿ ನಂತರ ಹೇಳಿಕೊಂಡರು. ಯುದ್ಧಕಾಲದಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕರಾಗಿದ್ದು, ಸಿಂಗಾಪುರದಲ್ಲಿ ಜಪಾನೀಯರ ಶರಣಾಗತಿಯನ್ನು ಸ್ವತಃ ಸ್ವೀಕರಿಸಿದ್ದವರಿಗೆ ಆ ದಿನ ನೆನಪಾದದ್ದು ಸಹಜವೇ. ನಮ್ಮ ಜ್ಯೋತಿಷಿಗಳು ಆ ದಿನ ಶುಭವಲ್ಲವೆಂದು ತಕರಾರು ತೆಗೆದರು. ಹದಿನಾಲ್ಕರ ನಡುರಾತ್ರಿಯ ಸಭೆಯಲ್ಲಿ ಅದಕ್ಕೂ ಸಮಾಧಾನ ಸಿಕ್ಕಿತು. ಹೀಗೆ ದೆಹಲಿಯ ಕೆಂಪುಕೋಟೆಯ ಧ್ವಜಕ್ಕೂ ಸೋಲಿನ ಸಂಭ್ರಮಕ್ಕೂ ಟೋಕಿಯೊದ ಒಂದು ರೇಡಿಯೋ ಭಾಷಣ ಮೂಲವಾಗಿದೆ. ("ಸೋಲ್" ಎಂದು ಬರೆಯಬೇಕಿತ್ತು, ಕೊರಿಯಾದ ರಾಜಧಾನಿ. ತಪ್ಪು ತಿದ್ದದೆ ಬಿಡುತ್ತಿದ್ದೇನೆ, ಏಕೆಂದರೆ ಜಪಾನಿನ ಕಡೆಯಿಂದ ನೋಡಿದರೆ ಅದೂ ಸರಿಯೇ: ಅಲ್ಲಿ ಆ ದಿನ ಯುದ್ಧದಲ್ಲಿ ಸತ್ತವರ ಸ್ಮರಣೆ ನಡೆಯುತ್ತದೆ.)

ಬ್ರಿಟಿಷ್ ಸಂಸತ್ತಿನ ಭಾರತ ಸ್ವಾತಂತ್ರ್ಯ ಕಾಯ್ದೆ ಎರಡೂ ದೇಶಗಳಿಗೆ ಒಂದೇ ದಿನ ಕೊಟ್ಟಿತ್ತು. ಪಾಕಿಸ್ತಾನದ ಮೊದಲ ಸ್ಮರಣಾರ್ಥ ಅಂಚೆಚೀಟಿಗಳಲ್ಲಿ 15 ಆಗಸ್ಟ್ 1947 ಎಂದೇ ಅಚ್ಚಾಗಿದೆ. ಆ ದೇಶ ತನ್ನ ಆಚರಣೆಯನ್ನು ಹದಿನಾಲ್ಕಕ್ಕೆ ಸರಿಸಿಕೊಂಡದ್ದು ಆಮೇಲೆ. ಹಂಚಿಕೊಂಡ ದಿನವನ್ನು ಬಿಟ್ಟು ಹೊರನಡೆದವರು ಇನ್ನೂ ಇದ್ದಾರೆ. ಅಮೆರಿಕ ಫಿಲಿಪ್ಪೀನ್ಸಿಗೆ 1946ರಲ್ಲಿ ಸ್ವಾತಂತ್ರ್ಯ ಕೊಟ್ಟದ್ದು ತನ್ನದೇ ಹುಟ್ಟುಹಬ್ಬವಾದ ಜುಲೈ 4ರಂದು. 1962ರಲ್ಲಿ ಅಧ್ಯಕ್ಷ ಮಕಪಗಾಲ್ ಅದನ್ನು ಜೂನ್ 12ಕ್ಕೆ ಬದಲಿಸಿದರು; 1898ರಲ್ಲಿ ಸ್ಪೇನಿನ ವಿರುದ್ಧ ಫಿಲಿಪ್ಪೀನ್ಸಿನವರು ತಾವೇ ಸ್ವಾತಂತ್ರ್ಯ ಘೋಷಿಸಿಕೊಂಡ ದಿನ ಅದು. ಕೊಟ್ಟವರ ತಾರೀಖು ಬೇಡ, ನಾವು ಘೋಷಿಸಿದ ತಾರೀಖು ಸಾಕು ಎಂಬ ಆ ನಿಲುವು ನನಗೆ ಬಹಳ ಇಷ್ಟ. ನಮ್ಮ ಜನವರಿ 26 ಕೂಡ ಅದೇ ಬಗೆಯದು: ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿದ್ದರೂ, 1930ರ ಪೂರ್ಣ ಸ್ವರಾಜ್ಯ ದಿನದ ನೆನಪಿಗೆಂದು ಜಾರಿಯನ್ನು ಎರಡು ತಿಂಗಳು ತಡೆದರು. ಅದೇ ಜನವರಿ 26ರಂದು ಆಸ್ಟ್ರೇಲಿಯಾ 1788ರಲ್ಲಿ ಬ್ರಿಟಿಷ್ ಹಡಗುಗಳು ಸಿಡ್ನಿಯಲ್ಲಿ ಬಂದಿಳಿದದ್ದನ್ನು ಆಚರಿಸುತ್ತದೆ, ಅಲ್ಲಿನ ಮೂಲನಿವಾಸಿಗಳಲ್ಲಿ ಹಲವರು ಅದನ್ನು ಆಕ್ರಮಣದ ದಿನವೆನ್ನುತ್ತಾರೆ. ಸಾಮ್ರಾಜ್ಯ ಬಂದಿಳಿದ ದಿನ ಅಲ್ಲಿ, ಸಾಮ್ರಾಜ್ಯದ ಕೊನೆಯ ಗಂಟು ಕಳಚಿದ ದಿನ ಇಲ್ಲಿ, ಮತ್ತು ಎರಡಕ್ಕೂ ಸಂಬಂಧವಿಲ್ಲ.

ಕಾಂಗೊದ ವಿಷಯ ಚಿಕ್ಕದು. 1960ರ ಆಗಸ್ಟಿನಲ್ಲಿ ಫ್ರಾನ್ಸ್ ಆಫ್ರಿಕದ ವಸಾಹತುಗಳನ್ನು ಸಾಲಾಗಿ ಬಿಟ್ಟುಕೊಟ್ಟಿತು: 11ಕ್ಕೆ ಚಾಡ್, 13ಕ್ಕೆ ಮಧ್ಯ ಆಫ್ರಿಕ ಗಣರಾಜ್ಯ, 15ಕ್ಕೆ ಕಾಂಗೊ, 17ಕ್ಕೆ ಗಬಾನ್. ಫ್ರಾನ್ಸಿನ ಪರವಾಗಿ ಆಂದ್ರೆ ಮಾಲ್ರೊ ಒಂದು ಸಮಾರಂಭದಿಂದ ಇನ್ನೊಂದಕ್ಕೆ ಪ್ರಯಾಣ ಮಾಡಿದರು. ಎರಡೆರಡು ದಿನದ ಅಂತರ ನೋಡಿದರೆ ಮದುವೆ ಸುಗ್ಗಿಯ ಪುರೋಹಿತರ ದಿನಚರಿಯಂತಿದೆ. ಲಿಕ್ಟನ್‌ಸ್ಟೈನಿನದು ಇನ್ನೂ ಸರಳ: ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಆಗಸ್ಟ್ 15 ಹೇಗೂ ರಜೆ, ಮರುದಿನ ಅಂದಿನ ಅರಸು ಎರಡನೆಯ ಫ್ರಾನ್ಸ್ ಯೋಸೆಫರ ಹುಟ್ಟುಹಬ್ಬ, ಎರಡನ್ನೂ ಸೇರಿಸಿ 1940ರಲ್ಲಿ ಅದನ್ನೇ ರಾಷ್ಟ್ರೀಯ ದಿನ ಮಾಡಿಕೊಂಡರು.

ಉತ್ತರ 4: ಶಾಂತಿನಗರದವನು

ಪೋಲೆಂಡಿನ ಬಲೂನಿನ ಬಗ್ಗೆ ಮಾತ್ರ ಹೇಳುತ್ತೇನೆ. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ, 2 ಅಗಲಿದ ಎಲ್ಲರ ಸ್ಮರಣೆಯ ದಿನ. ಒಂಬತ್ತನೆಯ ಶತಮಾನದಲ್ಲಿ ಪೋಪ್ ನಾಲ್ಕನೆಯ ಗ್ರೆಗೊರಿಯ ಕಾಲದಲ್ಲಿ ಪಶ್ಚಿಮದ ಸಭೆಯಲ್ಲಿ ಈ ದಿನ ನೆಲೆನಿಂತಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸಂತರ ಹಬ್ಬ ಪೆಂತೆಕೊಸ್ತಿನ ನಂತರದ ಭಾನುವಾರ ಬರುವುದರಿಂದ ಗ್ರೀಸನ್ನು ತಮ್ಮ ಪಟ್ಟಿಗೆ ಸೇರಿಸಬೇಡಿ. ಪೋಲೆಂಡಿನಲ್ಲಿ ಮೊದಲನೆಯ ದಿನ ಸರ್ಕಾರಿ ರಜೆ ಇರುವುದರಿಂದ ಜನ ಅಂದೇ ಸಮಾಧಿಗಳಿಗೆ ಹೋಗುತ್ತಾರೆ. ನಮ್ಮಲ್ಲಿ ಎರಡನೆಯ ದಿನ. ಆ ದಿನ ಹೊಸೂರು ರಸ್ತೆಯ ಸ್ಮಶಾನದ ಬಳಿ ಬಂದರೆ ಸೇವಂತಿಗೆಯ ಬುಟ್ಟಿಗಳನ್ನೂ ಮೇಣದ ಬತ್ತಿಯ ಕಟ್ಟುಗಳನ್ನೂ ಇಟ್ಟುಕೊಂಡು ಕೂತವರು ಕಾಣುತ್ತಾರೆ; ಎದುರಿಗೆ ಹಾದುಹೋಗುವ ಆಟೋಗಳ ಮೇಲೆ ಹಿಂದಿನ ದಿನದ ಹಳದಿ-ಕೆಂಪು ಬಾವುಟ ಇನ್ನೂ ಹಾರುತ್ತಿರುತ್ತದೆ. ನಾವು ಎರಡನ್ನೂ ಮಾಡುವವರು.

ಅಲ್ಜೀರಿಯಾದ್ದು ಇದಕ್ಕೇ ಅಂಟಿಕೊಂಡ ಎಳೆ. ರಾಷ್ಟ್ರೀಯ ವಿಮೋಚನಾ ರಂಗ ದಾಳಿ ಆರಂಭಿಸಿದ ದಿನ ಫ್ರೆಂಚರಿಗೆ ಸಂತರ ಹಬ್ಬದ ರಜೆ. ಆ ಘಟನೆಗೆ ಫ್ರೆಂಚಿನಲ್ಲಿ "ಕೆಂಪು ಸಂತರ ಹಬ್ಬ" ಎಂಬ ಹೆಸರೇ ಉಳಿದಿದೆ. ಅವರ ಜುಲೈ 5 ಕೂಡ ಆರಿಸಿ ತೆಗೆದ ದಿನ: 1830ರ ಜುಲೈ 5ರಂದು ಆಲ್ಜಿಯರ್ಸ್ ಫ್ರೆಂಚರಿಗೆ ಶರಣಾಗಿತ್ತು, 132 ವರ್ಷಗಳ ನಂತರ ಅದೇ ತಾರೀಖನ್ನು ಅವರು ಹಿಂದಕ್ಕೆ ಪಡೆದುಕೊಂಡರು.

ಬಲ್ಗೇರಿಯಾದ ನವೆಂಬರ್ 1ಕ್ಕೂ ಸಕಲ ಸಂತರ ಹಬ್ಬಕ್ಕೂ ಸಂಬಂಧವಿಲ್ಲ. ಅದು ರಾಷ್ಟ್ರವನ್ನು ಎಚ್ಚರಿಸಿದ ಬರಹಗಾರರು, ಶಿಕ್ಷಕರು, ಪಂಡಿತರ ದಿನ. ರಿಲಾದ ಸಂತ ಇವಾನರ ಹಬ್ಬ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 19. ಹದಿಮೂರು ದಿನ ಕೂಡಿಸಿದರೆ ನವೆಂಬರ್ 1. ಇಡೀ ಪಟ್ಟಿಯಲ್ಲಿ ನಮ್ಮ ರಾಜ್ಯೋತ್ಸವಕ್ಕೆ ಮನಸ್ಸಿನಿಂದ ಹತ್ತಿರದ್ದು ಇದೇ ಎನಿಸುತ್ತದೆ. ಬಲೂನು ಬೇಕೇಬೇಕೆಂದಿದ್ದರೆ ಅವರಿಗೆ ಅಂಟಿಸಿ.

ಉತ್ತರ 5: ಕಾಸರಗೋಡಿನವಳು, ಈಗ ವಿಜಯನಗರ

ಖಜಾನೆಯ ಹಿರಿಯರು "ಬಿಟ್ಟು ಓದಿಕೊಳ್ಳಬೇಕು" ಎಂದು ಆವರಣದೊಳಗೆ ಹಾಕಿದ ಕಾಸರಗೋಡು ನನ್ನ ಊರು. ಅವರ ಮೇಲೆ ಆಕ್ಷೇಪವಿಲ್ಲ, ಕಾಯ್ದೆಯಲ್ಲಿಯೇ ಅದು ಹಾಗಿದೆ. ದಕ್ಷಿಣ ಕನ್ನಡವನ್ನು ಮೈಸೂರಿಗೆ ಕೊಟ್ಟ ಅದೇ ಕಾಯ್ದೆ, ಅದೇ ಗೊತ್ತುಪಡಿಸಿದ ದಿನ, ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಕೊಟ್ಟಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ನಾನು ಓದಿದ ಕನ್ನಡ ಮಾಧ್ಯಮದ ಶಾಲೆಯಲ್ಲಿ ನವೆಂಬರ್ 1ರಂದು ಕೇರಳದ ಹುಟ್ಟುಹಬ್ಬವೆಂದು ಬೆಳಿಗ್ಗೆ ಸಭೆ ನಡೆಯುತ್ತಿತ್ತು. ಸಂಜೆ ಮನೆಗೆ ಬಂದರೆ ಅಜ್ಜ ಮಂಗಳೂರಿನ ಪತ್ರಿಕೆಯಲ್ಲಿ ರಾಜ್ಯೋತ್ಸವದ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದೇ ದಿನ ಎರಡು ರಾಜ್ಯಗಳ ಹಬ್ಬ, ಎರಡರಲ್ಲೂ ನಾವು ಅತಿಥಿಗಳು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನನಗೆ ಹಬ್ಬ ಒಂದೇ ಆಯಿತು. ತವರಿನಲ್ಲಿ ಇನ್ನೂ ಎರಡಿದೆ.

ಹಾಗಾಗಿ ತಾರೀಖು ಒಂದೇ ಆದರೂ, ಕಾರಣವೂ ಒಂದೇ ಆದರೂ, ಭಾವ ಒಂದೇ ಆಗಿರಬೇಕಿಲ್ಲ ಎಂಬುದನ್ನು ತಮ್ಮ ಫಲಕ ಮರೆಯದಿರಲಿ. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ನವೆಂಬರ್ 1ನ್ನು ಕರಾಳ ದಿನವೆಂದು ಆಚರಿಸುತ್ತಾ ಬಂದಿದ್ದಾರೆ. ಅವರ ವಾದವನ್ನು ನಾನು ಒಪ್ಪುವುದಿಲ್ಲ, ಆದರೆ ಗಡಿಯ ಆಚೆ ಉಳಿದವರ ಸಂಕಟ ಎಂತಹುದೆಂದು ನನಗೆ ಗೊತ್ತು. ತಮಿಳುನಾಡು 2019ರಲ್ಲಿ ನವೆಂಬರ್ 1ನ್ನು ತಮಿಳುನಾಡು ದಿನವೆಂದು ಆಚರಿಸತೊಡಗಿತ್ತು. 2021ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಜುಲೈ 18ಕ್ಕೆ ಸರಿಸಿತು. 1967ರ ಆ ದಿನ ವಿಧಾನಸಭೆ ಹೆಸರು ಬದಲಾವಣೆಯ ನಿರ್ಣಯ ಮಾಡಿತ್ತು. ನವೆಂಬರ್ 1ನ್ನು ಗಡಿ ಹೋರಾಟದಲ್ಲಿ ದುಡಿದವರ ಸ್ಮರಣೆಗೆ ಉಳಿಸಿಕೊಂಡಿತು. ಆಂಧ್ರದಲ್ಲಿ ತೆಲಂಗಾಣ 2014ರಲ್ಲಿ ಬೇರೆಯಾದ ಮೇಲೆ ಈ ಹಬ್ಬ ಕೆಲವು ವರ್ಷ ನಿಂತೇಹೋಗಿ, 2019ರಲ್ಲಿ ಮತ್ತೆ ಆರಂಭವಾಯಿತು. ಒಟ್ಟಿಗೆ ಹುಟ್ಟಿದ ಮಕ್ಕಳೆಂದು ಹಿರಿಯರು ಹೇಳಿದ್ದು ನಿಜ. ಆಸ್ತಿ ಪಾಲಾದ ದಿನವೂ ಅದೇ.

ಪ್ರಶ್ನೆ ಕೇಳಿದವರ ಮರುಬರಹ: ಹೊರವರ್ತುಲ ರಸ್ತೆಯ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟರ ಲೆಕ್ಕವನ್ನು ಬಳಗದ ಸಭೆಯಲ್ಲಿ ಓದಿದಾಗ ನಾವು ಇದ್ದದ್ದು 26 ಜನ, ಕೂಡಲೇ ಹುಟ್ಟುಹಬ್ಬ ಕೇಳಿ ನೋಡಿದೆವು. ಇಬ್ಬರದು ಮಾರ್ಚ್ 9 ಬಂತು, ಅವರು ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಮಾತಾಡಿಸಿದವರೇ ಅಲ್ಲ.

ಫಲಕದಿಂದ "ನಮ್ಮೊಂದಿಗೆ ಹಬ್ಬ ಮಾಡುವ ಜಗತ್ತು" ಎಂಬ ತಲೆಬರಹವನ್ನು ತೆಗೆದಿದ್ದೇನೆ. ಈಗ "ನವೆಂಬರ್ 1" ಎಂದಷ್ಟೇ ಇದೆ. ಮೇಲ್ಭಾಗದಲ್ಲಿ 1956ರ ಕಾಯ್ದೆಯಿಂದ ಬಂದವರು, ಅವರ ನಡುವೆ ಕಾಸರಗೋಡಿನ ಹೆಸರೂ ಇದೆ, ಆವರಣ ಹಾಕಿಲ್ಲ. ಪುದುಚೇರಿ ಮತ್ತು ಅಲ್ಜೀರಿಯಾ ಒಂದೇ ಸಾಲಿನಲ್ಲಿ ಅಕ್ಕಪಕ್ಕ. ಪೋಲೆಂಡ್, ಸ್ಪೇನ್, ಫ್ರಾನ್ಸುಗಳ ಮುಂದೆ ಬಲೂನಿನ ಬದಲು ಒಂದು ಸಣ್ಣ ದೀಪದ ಚಿತ್ರ. ಬಲ್ಗೇರಿಯಾಕ್ಕೆ ಪುಸ್ತಕ ಹಾಕೋಣವೆಂದು ಬಳಗದವರು, ಬಲೂನೇ ಇರಲಿ ಎಂದು ನಾನು. ಅದು ಇನ್ನೂ ತೀರ್ಮಾನವಾಗಿಲ್ಲ. ಆಗಸ್ಟ್ 15ರ ಕಥೆಯನ್ನು ಮೇಡಂ ಅವರ ಅನುಮತಿ ಸಿಕ್ಕರೆ ಮುಂದಿನ ಆಗಸ್ಟಿಗೆ ಎತ್ತಿಟ್ಟುಕೊಳ್ಳುತ್ತೇನೆ, ಆದರೆ "ಸೋಲ್" ಎಂಬುದನ್ನು ಸರಿಯಾಗಿಯೇ ಬರೆಸುತ್ತೇನೆ.

ಶುಕ್ರವಾರದೊಳಗೆ ಬರಹವನ್ನು ಅಚ್ಚಿಗೆ ಕೊಡಬೇಕಿದೆ. ಖಜಾನೆಯ ಹಿರಿಯರಲ್ಲಿ ಒಂದು ಕೊನೆಯ ವಿನಂತಿ: "ಗೊತ್ತು ಪಡಿಸಿದ" ಎಂದು ಬಿಡಿಸಿ ಬರೆಯಬೇಕೋ, ಕೂಡಿಸಿ ಬರೆಯಬೇಕೋ?

ಖಜಾನೆ ಇಲಾಖೆಯ ನಿವೃತ್ತ ನೌಕರ, ಬಸವನಗುಡಿ

ಕೂಡಿಸಿ. ಅಚ್ಚಿನವರು ಬಿಡಿಸಿಬಿಡುತ್ತಾರೆ, ಕರಡನ್ನು ತಾವೇ ಒಮ್ಮೆ ನೋಡಿ.